ಅವರೆಕಾಯಿ ಸುಲೀತಾ ಬಂದ ಮಾತು

ನಮಸ್ಕಾರ. ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಪಕ್ಕದ್ಮನೆ ಹುಡ್ಗ ಒಬ್ಬ ಉಕ್ರೇನ್‌ನ ಖಾರ್ಕಿವ್‌ನಲ್ಲಿ ಮೆಡಿಕಲ್ ಓದ್ತಿದ್ದ, 2022ರ ಫೆಬ್ರವರಿಲಿ ಬಾಂಬ್ ಬೀಳೋಕೆ ಶುರುವಾದಾಗ ಅಲ್ಲಿನ ಮೆಟ್ರೋ ಸ್ಟೇಷನ್ ಒಳಗೆ ಕೂತಿದ್ದು ಹೆಂಗೋ ಊರು ಸೇರ್ಕೊಂಡ. ಬಂದ ದಿನಾನೇ ಕಾಫಿ ಕೊಟ್ಟು ನಾನು ಕೇಳಿದ್ದೇನು ಗೊತ್ತಾ, "ಏನೇನ್ ನೋಡ್ದೆ, ಎಲ್ಲಾ ಹೇಳ್ಬಿಡಪ್ಪಾ, ಮನಸ್ಸು ಹಗುರ ಆಗುತ್ತೆ" ಅಂತ. ಲೋಟ ಅಲ್ಲೇ ಇಟ್ಟು ಎದ್ದು ಹೋದ.

ಆಮೇಲೆ ಕೌನ್ಸೆಲಿಂಗ್ ಟ್ರೈನಿಂಗ್‌ಗೆ ಹೋದಾಗ್ಲೇ ನನ್ ತಪ್ಪು ಗೊತ್ತಾಗಿದ್ದು. ಆಘಾತ ಆದವರ ಬಾಯಿಂದ ಒಂದೇ ಸಲಕ್ಕೆ ಎಲ್ಲಾ ಕಕ್ಕಿಸ್ಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆನೇ ಹೇಳುತ್ತೆ. ಊಟ ಆಯ್ತಾ, ನಿದ್ದೆ ಬಂತಾ, ಜೊತೇಲಿ ಯಾರಿದ್ದಾರೆ, ಮೊದ್ಲು ಇಷ್ಟು ನೋಡಿದ್ರೆ ಸಾಕು. ಯುದ್ಧ ಕಂಡ ಜಾಗಗಳಲ್ಲಿ ಸುಮಾರು ಐದು ಜನಕ್ಕೆ ಒಬ್ಬರಿಗೆ ಮಾನಸಿಕ ತೊಂದರೆ ಇದೆ ಅಂತ ಅದೇ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿದೆ, ಅಷ್ಟು ಜನಕ್ಕೆ ಡಾಕ್ಟರ್ ಎಲ್ಲಿಂದ ತರ್ತೀರಿ ಹೇಳಿ?

ರುವಾಂಡಾದಲ್ಲಿ 1994ರ ನರಮೇಧ ಆದ್ಮೇಲೆ ಕೊಂದವರ ಮನೆಯವರೂ ಕಳ್ಕೊಂಡವರೂ ಅದೇ ಬೀದೀಲಿ ಬದುಕ್ಬೇಕಿತ್ತು. 2005ರಿಂದ ಬ್ಯುಂಬಾ ಕಡೆ ಹತ್ತು ಹದಿನೈದು ಜನ ವಾರಕ್ಕೊಂದ್ಸಲ ಸೇರಿ ಕೂರೋಕೆ ಶುರು ಮಾಡಿದ್ರು, ಹದಿನೈದು ವಾರ, ನಡೆಸೋರು ಟ್ರೈನಿಂಗ್ ತಗೊಂಡ ಊರಿನವರೇ. ಮೊದ್ಲ ವಾರಗಳಲ್ಲಿ ಸತ್ತವರ ಮಾತೇ ಇಲ್ಲ, ಇಲ್ಲಿ ಕೂರೋಕೆ ಭಯ ಇಲ್ಲ ಅನ್ನೋದು ಗಟ್ಟಿಯಾದ್ಮೇಲೇ ಮುಂದಿನದು. ಶ್ರೀಲಂಕಾದ ಉತ್ತರದಲ್ಲಿ ಇನ್ನೊಂದು ಥರದ ಸಂಕಟ, 2009ರಲ್ಲಿ ಯುದ್ಧ ಮುಗಿದ್ರೂ ಕಾಣೆಯಾದವರು ಬರ್ಲಿಲ್ಲ. ಸತ್ತಿದ್ದು ಗೊತ್ತಾದ್ರೆ ತಿಥಿನಾದ್ರೂ ಮಾಡ್ಬಹುದು, ಕಾಣೆಯಾದವರ ಹೆಂಡ್ತೀರು ಹಣೆಗೆ ಕುಂಕುಮ ಇಡ್ಬೇಕಾ ಬೇಡ್ವಾ ಅನ್ನೋದೇ ತೀರ್ಮಾನ ಆಗಲ್ಲ. ಇದಕ್ಕೆ ಮಾತ್ರೆ ಏನ್ ಮಾಡುತ್ತೆ? ಅದೇ ಥರ ಕಾಯ್ತಿರೋ ಇನ್ನೊಬ್ಬಳು ಪಕ್ಕದಲ್ಲಿ ಬಂದು ಕೂತ್ರೆ ಅಷ್ಟೋ ಇಷ್ಟೋ.

ಹಂಗಂತ ಡಾಕ್ಟರೇ ಬೇಡ ಅಂತಲ್ಲ. ನಿದ್ದೆ ಪೂರ್ತಿ ಕೆಟ್ಟಿದ್ರೆ, ಸಾಯೋ ಯೋಚನೆ ಬರ್ತಿದ್ರೆ, ನಿಮ್ಹಾನ್ಸ್ ಇದೆ, ಇಲ್ಲಾಂದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿ, ಕನ್ನಡದಲ್ಲೇ ಮಾತಾಡ್ತಾರೆ.

ನಮ್ ಹುಡ್ಗ? ಡಿಸೆಂಬರ್‌ನಲ್ಲಿ ನಾನು ಜಗಲಿ ಮೇಲೆ ಅವರೆಕಾಯಿ ಸುಲೀತಿದ್ದೆ, ಬಂದು ಮೊರ ಎಳ್ಕೊಂಡು ತಾನೂ ಕೂತ. ಅರ್ಧ ಕೆಜಿ ಆದ್ಮೇಲೆ ತಲೆ ಎತ್ತದೇನೇ, "ಆಂಟಿ, ನಂಗೆ ಮೆಟ್ರೋ ಕೆಳಗೆ ಇಳಿಯೋಕಾಗಲ್ಲ" ಅಂದ. ನಾನು "ಹೂಂ" ಅಂದೆ ಅಷ್ಟೇ.

ಮೊನ್ನೆ ಇಬ್ರೂ ಮೆಜೆಸ್ಟಿಕ್‌ಗೆ ಹೊರಟ್ವಿ. ಮಾಗಡಿ ರೋಡ್ ದಾಟಿ ಟ್ರೈನ್ ಸುರಂಗಕ್ಕೆ ಇಳಿಯೋವಾಗ ನನ್ ಬ್ಯಾಗಿನ ಪಟ್ಟಿ ಗಟ್ಟಿಯಾಗಿ ಹಿಡ್ಕೊಂಡಿದ್ದ. ಮೇಲೆ ಬಂದು ಕಬ್ಬಿನ ಹಾಲು ಕುಡಿದು, ವಾಪಸ್ ಮಾತ್ರ ಬಸ್ಸಲ್ಲೇ ಬಂದ್ವಿ.