ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ನಮಸ್ಕಾರ, ಸ್ಟುಟ್‌ಗಾರ್ಟ್‌ನಿಂದ ಮಾತನಾಡುತ್ತಿದ್ದೇನೆ. ಇವತ್ತಿನ ಸಂಚಿಕೆಗೆ ಬೇರೆಯೇ ವಿಷಯ ಸಿದ್ಧವಾಗಿತ್ತು. ಆದರೆ ಹಿಂದಿನ ವಿಡಿಯೊಗೆ ಬಂದ ಒಂದು ಪ್ರತಿಕ್ರಿಯೆ ಓದಿ ನೆತ್ತಿ ಬಿಸಿಯಾಗಿದೆ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲಾರೆ.

ಬರೆದವರು ನಮ್ಮವರೇ, ಜರ್ಮನಿಯಲ್ಲೇ ಇರುವವರು. ‘ಸುಜುಕಿ ಜಿಮ್ನಿಗೆ ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಉದ್ದದ ಸ್ಪ್ರಿಂಗ್ ಮುಂತಾದವು) ಹಾಕಿಸಿ, ದೊಡ್ಡ ಟೈರ್ ಹಾಕಿಸಿ, ಸುಮ್ಮನೆ ಓಡಿಸಿ. ಸಿಕ್ಕಿಬಿದ್ದರೆ 50 ಯೂರೋ ದಂಡ. ಅದಕ್ಕಿಂತ ಹೆಚ್ಚು ಹಣ ಟ್ಯೂಫ್‌ಗೆ ಸುರಿಯುವುದು ದಡ್ಡತನ’ ಎಂದಿದ್ದಾರೆ. ಟ್ಯೂಫ್ ಅಂದರೆ ಇಲ್ಲಿ ವಾಹನಗಳನ್ನು ತಪಾಸಣೆ ಮಾಡುವ ಸಂಸ್ಥೆ. ಇದಕ್ಕೆ ಭೇಷ್ ಎಂದವರೂ, ತಪಾಸಣೆಯೇ ಸುಲಿಗೆ ಎಂದವರೂ ಇದ್ದಾರೆ. ನನಗೆ ಚಿಂತೆ ಹುಟ್ಟಿಸುವುದು ಅವರೇ. ನಾಳೆ ಬೆಂಗಳೂರಿನಿಂದ ಬಂದಿಳಿಯುವ ಹುಡುಗ ಇದನ್ನು ಓದಿ, ಮೊದಲ ಸಂಬಳದಲ್ಲೇ ಹಾಗೆ ಮಾಡುತ್ತಾನೆ.

ನಾನು ಹೇಳುವುದು ಒಂದೇ ಮಾತು. ಜರ್ಮನಿಯಲ್ಲಿ ಗಾಡಿಗೆ ಏನೇ ಹಾಕಿಸುವುದಿದ್ದರೂ ಮೊದಲು ಕಾಗದ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಇಲ್ಲಿನ ವಾಹನ ನೋಂದಣಿ ನಿಯಮಗಳ 19ನೇ ಕಲಮಿನಲ್ಲಿ ಎಲ್ಲವೂ ಸ್ಪಷ್ಟವಾಗಿದೆ. ನೀವು ಮಾಡಿದ ಬದಲಾವಣೆಯಿಂದ ವಾಹನದ ವರ್ಗ ಬದಲಾದರೆ, ರಸ್ತೆಯಲ್ಲಿರುವವರಿಗೆ ಅಪಾಯವಾಗುವಂತಿದ್ದರೆ, ಅಥವಾ ಹೊಗೆಯೋ ಸದ್ದೋ ಹೆಚ್ಚಾದರೆ ಆ ವಾಹನವನ್ನು ರಸ್ತೆಯಲ್ಲಿ ಬಳಸಲು ಕೊಟ್ಟಿರುವ ಅನುಮತಿಯೇ ಇಲ್ಲವಾಗುತ್ತದೆ. ಯಾರೂ ನೋಟಿಸ್ ಕಳುಹಿಸುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ನೀವು ಕೊನೆಯ ಬೋಲ್ಟ್ ಬಿಗಿದ ಕ್ಷಣಕ್ಕೆ ಅದು ತಾನಾಗಿಯೇ ರದ್ದು.

ಹಾಗೆಂದು ಬದಲಾಯಿಸಲೇಬಾರದು ಎಂದಲ್ಲ. ದಾರಿ ಇದೆ. ಕೆಲವು ಭಾಗಗಳು ಎಬಿಇ ಎಂಬ ಸಾಮಾನ್ಯ ಅನುಮತಿಯೊಂದಿಗೇ ಬರುತ್ತವೆ. ಅವುಗಳಲ್ಲಿ ಹಲವಕ್ಕೆ ತಪಾಸಣೆಯೂ ಬೇಡ, ಕಾಗದ ಗಾಡಿಯಲ್ಲಿದ್ದರೆ ಸಾಕು. ಆದರೆ ಷರತ್ತುಗಳನ್ನು ಓದಿರಬೇಕು. ಕೆಲವಕ್ಕೆ ಟೈಲೆಗುಟಾಖ್ಟೆನ್ ಇರುತ್ತದೆ, ಅಂದರೆ ಆ ಭಾಗವನ್ನು ಪರೀಕ್ಷಿಸಿದ ವರದಿ. ಅಂಥದ್ದನ್ನು ಜೋಡಿಸಿದ ಕೂಡಲೇ ಟ್ಯೂಫ್, ಡೆಕ್ರಾ, ಗೇಟೇಯುವಿನಂಥ ಸಂಸ್ಥೆಯ ತಜ್ಞರಿಗೆ ಗಾಡಿ ತೋರಿಸಬೇಕು. ಯಾವ ಕಾಗದವೂ ಇಲ್ಲದಿದ್ದರೆ 21ನೇ ಕಲಮಿನಡಿ ನಿಮ್ಮ ಗಾಡಿಯೊಂದನ್ನೇ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಖರ್ಚು, ಓಡಾಟ, ಅನಿಶ್ಚಿತತೆ ಎಲ್ಲವೂ ಅಲ್ಲೇ ಹೆಚ್ಚು. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಸ್ಪ್ರಿಂಗ್‌ಗಳು ನಿಮ್ಮನ್ನು ತಂದು ನಿಲ್ಲಿಸುವುದೂ ಅಲ್ಲೇ.

ಜಿಮ್ನಿ ಇಟ್ಟುಕೊಂಡವರು ಗಮನವಿಟ್ಟು ಕೇಳಿ. ಇಂಗಾಲದ ಹೊಗೆಯ ಮಿತಿಯಿಂದಾಗಿ 2020ರಲ್ಲಿ ಯುರೋಪಿನಲ್ಲಿ ನಾಲ್ಕು ಸೀಟಿನ ಜಿಮ್ನಿ ಮಾರಾಟ ನಿಂತಿತು. 2021ರಲ್ಲಿ ಅದು ಎರಡು ಸೀಟಿನ ಸರಕು ವಾಹನವಾಗಿ ಮರಳಿ ಬಂತು. ಹೊರಗಿನಿಂದ ಎರಡೂ ಒಂದೇ, ನೋಂದಣಿಯ ವರ್ಗ ಬೇರೆ. ನಾಲ್ಕು ಸೀಟಿನದ್ದಕ್ಕೆ ಪರೀಕ್ಷೆಯಾದ ಕಿಟ್ ಎರಡು ಸೀಟಿನದ್ದಕ್ಕೂ ನಡೆಯುತ್ತದೆ ಎಂದು ಊಹಿಸಬೇಡಿ. ಇಲ್ಲಿನ ಆರ್‌ಸಿಯ ‘ಕೆ’ ಅಂಕಣದಲ್ಲಿ ಅನುಮೋದನೆ ಸಂಖ್ಯೆ ಇರುತ್ತದೆ. ವರದಿಯ ಪಟ್ಟಿಯಲ್ಲಿ ಅದೇ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಆ ಪೆಟ್ಟಿಗೆಯನ್ನು ಮನೆಗೆ ತರಲೇಬೇಡಿ.

ಬಹಳ ಜನ ಎಡವುವುದು ಇನ್ನೊಂದು ಕಡೆ. ಸ್ಪ್ರಿಂಗ್‌ಗೆ ವರದಿ ಇದೆ, ಟೈರ್‌ಗೂ ಇದೆ, ಇನ್ನೇನು ಬೇಕು ಎನ್ನುತ್ತಾರೆ. ಸ್ಪ್ರಿಂಗ್ ಅನ್ನು ಪರೀಕ್ಷಿಸಿದ್ದು ಮೂಲ ಟೈರ್ ಇಟ್ಟುಕೊಂಡು, ಟೈರ್ ಅನ್ನು ಪರೀಕ್ಷಿಸಿದ್ದು ಮೂಲ ಸ್ಪ್ರಿಂಗ್ ಇಟ್ಟುಕೊಂಡು. ಹುಡುಗನ ಜಾತಕ ಚೆನ್ನಾಗಿದೆ, ಹುಡುಗಿಯ ಜಾತಕವೂ ಚೆನ್ನಾಗಿದೆ, ಕೂಡಿಬರುತ್ತದೆಯೇ ಎಂದು ಮಾತ್ರ ಯಾರೂ ನೋಡಿಲ್ಲ! ಎರಡನ್ನೂ ಒಟ್ಟಿಗೆ ಹಾಕಿಸಿದರೆ ಜೋಡಣೆಯನ್ನು ತಜ್ಞರು ಹೊಸದಾಗಿ ಅಳೆಯಬೇಕು. ಆದ್ದರಿಂದಲೇ ಹೇಳುವುದು, ಖರೀದಿಸುವ ಮೊದಲೇ ಎರಡೂ ವರದಿಗಳನ್ನು ಹಿಡಿದುಕೊಂಡು ತಜ್ಞರ ಬಳಿ ಹೋಗಿ. ‘ಇದು, ಇದು, ಇದು ಹಾಕಬೇಕೆಂದಿದ್ದೇನೆ, ಆಗುತ್ತದೆಯೇ?’ ಎಂದು ಕೇಳಿ. ಮೊದಲು ಕಾಗದ!

ಒಬ್ಬ ಗೆಳೆಯರ ಜಿಮ್ನಿಯ ತಪಾಸಣೆಗೆ ಜೊತೆಗೆ ಹೋಗಿದ್ದೆ. ತಜ್ಞರು ಒಂದು ಕಡೆಯ ಮುಂಚಕ್ರವನ್ನು ಎತ್ತರದ ದಿಮ್ಮಿಯ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಟೈರ್ ಮತ್ತು ಒಳಗಿನ ಪ್ಲಾಸ್ಟಿಕ್ಕಿನ ನಡುವೆ ಕೈ ತೂರಿಸಿ ನೋಡಿದರು. ಆಮೇಲೆ ಟಾರ್ಚ್ ಹಿಡಿದು ಕೆಳಗೆ ನುಸುಳಿದರು. ಇನ್ನೊಂದು ಕಡೆ ಜೋತುಬಿದ್ದ ಚಕ್ರದ ಬ್ರೇಕ್ ಹೋಸ್, ಅಂದರೆ ಬ್ರೇಕಿಗೆ ಎಣ್ಣೆ ಒಯ್ಯುವ ಕೊಳವೆ, ತಂತಿಯಂತೆ ಬಿಗಿದಿತ್ತು. ಬೆರಳಿನಿಂದ ಮೀಟಿ ತೋರಿಸಿದರು. ಸಮತಟ್ಟಾದ ರಸ್ತೆಯಲ್ಲಿ ಅದು ಎಂದಿಗೂ ಗೊತ್ತಾಗುತ್ತಿರಲಿಲ್ಲ. ಕಲ್ಲಿನ ಮೇಲೆ ಒಂದು ಚಕ್ರ ಗಾಳಿಯಲ್ಲಿ ನೇತಾಡುವಾಗ ಗೊತ್ತಾಗುತ್ತಿತ್ತು. ಉದ್ದದ ಹೋಸ್ ಹಾಕಿಸಿಕೊಂಡು ಬನ್ನಿ ಎಂದು ವಾಪಸ್ ಕಳುಹಿಸಿದರು. ಇದನ್ನು ಸುಲಿಗೆ ಎನ್ನುತ್ತೀರಾ? ಬ್ರೇಕ್ ಉಳಿಸಿಕೊಟ್ಟವರನ್ನು ಸುಲಿಗೆಕೋರರು ಎನ್ನಲು ಬಾಯಾದರೂ ಹೇಗೆ ಬರುತ್ತದೆ?

ಟೈರ್ ಲೆಕ್ಕವನ್ನೂ ಕೇಳಿಬಿಡಿ. ಜಿಮ್ನಿಯ ಮೂಲ ಟೈರ್ 195/80 ಆರ್15, ಅದರ ವ್ಯಾಸ ಸುಮಾರು 693 ಮಿಲಿಮೀಟರ್. ಎಲ್ಲರೂ ಆಸೆಪಡುವ 235/75 ಆರ್15ರ ವ್ಯಾಸ ಸುಮಾರು 733. ಅಂದರೆ ಗಾಡಿ ಮೇಲೇಳುವುದು 20 ಮಿಲಿಮೀಟರ್ ಮಾತ್ರ, ಆದರೆ ಚಕ್ರ ಒಂದು ಸುತ್ತಿಗೆ ಸುಮಾರು ಶೇ 6ರಷ್ಟು ಹೆಚ್ಚು ದೂರ ಹೋಗುತ್ತದೆ. ನಿಮ್ಮ ಸ್ಪೀಡೋಮೀಟರ್‌ಗೆ ಅದು ತಿಳಿಯದು. ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ ಎಂಬುದು ನಿಯಮ. ಲಿಫ್ಟ್ ಹಾಕಿದರೆ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ, ಸ್ಟೀರಿಂಗ್ ನೆಟ್ಟಗೆ ನಿಲ್ಲಲು ನೆರವಾಗುವ ಓರೆ, ಅಂದರೆ ಕ್ಯಾಸ್ಟರ್ ಕೋನ, ಕಡಿಮೆಯಾಗಿ ಹೆದ್ದಾರಿಯಲ್ಲಿ ಸ್ಟೀರಿಂಗ್ ಓಲಾಡುತ್ತದೆ. ಇವನ್ನೆಲ್ಲ ಸರಿಪಡಿಸುವ ಬಿಡಿಭಾಗಗಳಿವೆ. ಅವುಗಳಿಗೂ ಕಾಗದ ನೋಡಿ!

ತಪಾಸಣೆ ಮುಗಿದ ಮೇಲೆ ವರದಿ ಹಿಡಿದು ನೋಂದಣಿ ಕಚೇರಿಗೆ ಹೋದರೆ ಹೊಸ ಆರ್‌ಸಿ ಮುದ್ರಿಸಿ ಕೊಡುತ್ತಾರೆ. ಲಿಫ್ಟ್ ಮತ್ತು ಟೈರ್ ವಿವರ 22ನೇ ಅಂಕಣಕ್ಕೆ, ಹೊಸ ಎತ್ತರ 20ನೇ ಅಂಕಣಕ್ಕೆ ಬರುತ್ತದೆ. ಆ ಸಾಲುಗಳನ್ನು ಮೊದಲ ಸಲ ಓದುವಾಗ ಎಂಥ ಸಂತೋಷ ಗೊತ್ತೇ! ಗಾಡಿ ಆಗ ನಿಜವಾಗಿ ನಿಮ್ಮದು.

ಇನ್ನು ಆ 50 ಯೂರೋ ಮಹಾಶಯರಿಗೆ ಬರೋಣ. ರಸ್ತೆ ಸುರಕ್ಷತೆಗೆ ಧಕ್ಕೆ ಎಂದು ಪರಿಗಣಿಸಿದರೆ ಚಾಲಕನಿಗೆ 90 ಯೂರೋ ದಂಡ, ಮಾಲೀಕನಿಗೆ 135, ಜೊತೆಗೆ ಸಂಚಾರ ತಪ್ಪುಗಳ ಲೆಕ್ಕ ಇಡುವ ಫ್ಲೆನ್ಸ್‌ಬುರ್ಗ್‌ನ ದಾಖಲೆಯಲ್ಲಿ ಒಂದು ಪಾಯಿಂಟ್. ಅದೂ ಹೋಗಲಿ. ಅಪಘಾತವಾದರೆ? ಎದುರಿನವರಿಗೆ ವಿಮಾ ಕಂಪನಿ ಹಣ ಕೊಡುತ್ತದೆ. ಆಮೇಲೆ ನಿಮ್ಮ ಬದಲಾವಣೆಯೇ ಕಾರಣ ಎಂದಾದರೆ 5,000 ಯೂರೋವರೆಗೆ ನಿಮ್ಮಿಂದ ವಸೂಲಿ ಮಾಡಬಹುದು. ಸ್ವಂತ ಗಾಡಿಯ ನಷ್ಟಕ್ಕೂ ವಿಮೆಯ ಹಣ ಕಡಿತವಾಗಬಹುದು, ಸಿಗದೆಯೂ ಹೋಗಬಹುದು. ಎರಡು ವರ್ಷಕ್ಕೊಮ್ಮೆ ಬರುವ ಕಡ್ಡಾಯ ತಪಾಸಣೆಯಲ್ಲಿ ಏನು ಮಾಡುತ್ತೀರಿ? ಪ್ರತಿ ಸಲವೂ ಹಳೆಯ ಸ್ಪ್ರಿಂಗ್ ಹಾಕಿಸಿ, ತೋರಿಸಿ, ಮತ್ತೆ ಬಿಚ್ಚುತ್ತೀರಾ? ಲೆಕ್ಕ ಬರುವವರು ಮಾಡುವ ಕೆಲಸವೇ ಇದು?

‘ನಾನು ಆಫ್‌ರೋಡ್ ಪಾರ್ಕ್‌ನಲ್ಲಿ ಮಾತ್ರ ಓಡಿಸುತ್ತೇನೆ’ ಎನ್ನುವವರೂ ಇದ್ದಾರೆ. ಪಾರ್ಕ್‌ನವರೆಗೆ ಹಾರಿಕೊಂಡು ಹೋಗುತ್ತೀರಾ? ಟ್ರೇಲರ್ ಮೇಲೆ ಹೇರಿಕೊಂಡು ಹೋಗಿ, ನನ್ನ ತಕರಾರಿಲ್ಲ. ರಸ್ತೆಗೆ ಚಕ್ರ ಇಟ್ಟರೆ ಮೊದಲು ಕಾಗದ.

‘ನಮ್ಮ ಊರಿನಲ್ಲಿ ಯಾರೂ ಕೇಳುವುದಿಲ್ಲ’ ಎಂಬ ಮಾತು ಬಂದಾಗಲಂತೂ ನನಗೆ ತಡೆಯಲಾಗುವುದಿಲ್ಲ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಲ್ಲಿಗಿಂತ ಬಿಗಿ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸಕಲೇಶಪುರದ ಕೆಸರಿನಲ್ಲಿ ಥಾರ್ ಓಡಿಸುವ ನಮ್ಮ ಹುಡುಗರು ಲಿಫ್ಟ್ ಹಾಕಿಸಿ ತಲೆ ಎತ್ತಿಕೊಂಡು ನೋಂದಾಯಿಸಲು ಇಂಥ ಒಂದು ವ್ಯವಸ್ಥೆ ಇಲ್ಲವಲ್ಲ ಎಂದು ಹಲುಬುತ್ತಾರೆ. ನಿಮಗೆ ಇಲ್ಲಿ ಆ ಬಾಗಿಲು ತೆರೆದಿದೆ, ಬೆಲೆಪಟ್ಟಿಯೂ ಇದೆ. ಅದನ್ನು ಬಿಟ್ಟು ಕಿಟಕಿಯಿಂದ ನುಸುಳುತ್ತೀರಿ, ಇನ್ನೊಬ್ಬರಿಗೂ ಅದನ್ನೇ ಹೇಳಿಕೊಡುತ್ತೀರಿ! ಯಾಕೆ? ಯಾಕೆ ಸ್ವಾಮಿ?

ಸಾಕು, ಗಂಟಲು ಒಣಗಿತು. ಚಾನೆಲ್‌ಗೆ ಇನ್ನೂ ಚಂದಾದಾರರಾಗದವರು ಆಗಿ. ಯುರೋಪಿನ ಆಫ್‌ರೋಡ್ ಕಾನೂನನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಕೂರುವವರು ಹೆಚ್ಚು ಜನರಿಲ್ಲ. ಯಾವುದಾದರೂ ವರದಿ ಅರ್ಥವಾಗದಿದ್ದರೆ ಷರತ್ತುಗಳ ಪುಟದ ಚಿತ್ರ ಕಳುಹಿಸಿ, ಚಾಸಿ ಸಂಖ್ಯೆ ಮುಚ್ಚಿ. ಕುಳಿತು ಓದಿ ಉತ್ತರಿಸುತ್ತೇನೆ. ಮುಂದಿನ ಸಂಚಿಕೆ ಛಾವಣಿಯ ಎಲ್‌ಇಡಿ ಪಟ್ಟಿಗಳ ಬಗ್ಗೆ. ಅವುಗಳ ಗಾಜಿನ ಮೇಲೆ ವೃತ್ತದೊಳಗಿನ ‘ಇ’ ಎಂಬ ಅನುಮೋದನೆಯ ಗುರುತು ಇದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ.

ಮತ್ತೆ, ಬವೇರಿಯಾದ ಲಾಂಗನಾಲ್ಟ್‌ಹೈಮ್‌ನ ಹಳೆಯ ಕಲ್ಲುಗಣಿಯಲ್ಲಿರುವ ಪಾರ್ಕ್‌ಗೆ ಎಲ್ಲರೂ ಸೇರಿ ಹೋಗೋಣವೆಂದು ಕೇಳುತ್ತಿದ್ದಿರಿ. ದಿನಾಂಕ ಗೊತ್ತಾದ ಕೂಡಲೇ ತಿಳಿಸುತ್ತೇನೆ. ಗಾಳಿ ತುಂಬುವ ಪಂಪ್, ಎಳೆಯುವ ಪಟ್ಟಿ, ಮನೆಯ ಬುತ್ತಿ ತನ್ನಿ. ಆರ್‌ಸಿಯ 22ನೇ ಅಂಕಣವನ್ನು ಗೇಟಿನಲ್ಲಿ ನಾನೇ ನಿಂತು ನೋಡುತ್ತೇನೆ.