ಮುಳ್ಳಯ್ಯನಗಿರಿಯ ಗಾಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಮುಳ್ಳಯ್ಯನಗಿರಿ ಹತ್ತುವವರೇ ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ ಮಲೆನಾಡಿನ ಸೊಬಗಿನ ಬಗ್ಗೆ ಕೊರೆಯುವುದಿಲ್ಲ. ಫೋಟೋ ನೋಡಿಯೇ ಹೊರಟಿದ್ದೀರಿ, ಅಲ್ವಾ? ನಾನು ಮಾತಾಡುವುದು ಗಾಳಿಯ ವಿಷಯ.

ಎಲ್ಲರೂ ಕೇಳುವುದು ಒಂದೇ, 'ಸಾರ್, ಮಳೆ ಇರುತ್ತಾ?' ಇರುತ್ತೆ. ಜುಲೈನಲ್ಲಿ ಇರದೆ ಇನ್ಯಾವಾಗ? ಗಾಳಿ ಎಷ್ಟಿರುತ್ತೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. 1,930 ಮೀಟರ್ ಎತ್ತರ, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ಅರಬ್ಬಿ ಸಮುದ್ರದ ಕಡೆಯಿಂದ ಬಂದ ಗಾಳಿ ನೇರ ಎದೆಗೇ ಬಡಿಯುತ್ತದೆ. ತುದಿಗೆ ಹತ್ತುವ ಸರ್ಪದಾರಿಯಲ್ಲಿ ನಿಂತು ಸುತ್ತ ನೋಡಿ. ಬೆಟ್ಟದ ಏಣಿನ ಮೇಲೆಲ್ಲ ಬರೀ ಹುಲ್ಲು. ಮರಗಳು ಕಣಿವೆಯ ಸಂದಿಗಳಲ್ಲಿ ಒತ್ತೊತ್ತಾಗಿ ಸೇರಿಕೊಂಡಿವೆ, ಶೋಲಾ ಕಾಡು ಅಂತೀವಲ್ಲ, ಅದು. ಮರಕ್ಕೇ ಬೇಡವಾದ ಜಾಗದಲ್ಲಿ ನಾವು ಸೆಲ್ಫಿಗೆ ನಿಲ್ಲುತ್ತೇವೆ.

ಒಂದು ಸಲ ನಮ್ಮ ಗುಂಪಿಗೆ ಒಬ್ಬ ಹುಡುಗ ಬಂದಿದ್ದ. ಗಟ್ಟಿ ಆಳು, ದಿನಾ ಜಿಮ್‌ಗೆ ಹೋಗುವವನು. ಜೀನ್ಸ್, ಕಾಟನ್ ಟೀ ಶರ್ಟ್, ಕೈಯಲ್ಲಿ ಕೊಡೆ. ಕೊಡೆ ಮೊದಲ ತಿರುವಿನಲ್ಲೇ ಮಗುಚಿತು. ಸರಿ ಮಾಡಿದ, ಮತ್ತೆ ಮಗುಚಿತು. ಆಮೇಲೆ ಬಟ್ಟೆ ಒಂದು ಕಡೆ, ಕಡ್ಡಿ ಒಂದು ಕಡೆ. ನಾವೆಲ್ಲ ನಕ್ಕೆವು, ಅವನೂ ನಕ್ಕ. ಸ್ವಲ್ಪ ಹೊತ್ತಿಗೆ ಅವನ ನಗು ನಿಂತಿತು, ಹಲ್ಲು ಕಟಕಟ ಶುರುವಾಯಿತು. ಬಿಸ್ಕತ್ ಪ್ಯಾಕೆಟ್ ಕೊಟ್ಟರೆ ಹರಿಯಲು ಬೆರಳು ಬಗ್ಗುತ್ತಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದ, ಅದೂ ಆಗಲಿಲ್ಲ. ಪ್ಯಾಕೆಟ್ ಹಿಡಿದುಕೊಂಡೇ ಸುಮ್ನೆ ಕೂತುಬಿಟ್ಟ. 'ನೀವು ಹೋಗಿ, ನಾನಿಲ್ಲೇ ಇರ್ತೀನಿ' ಅಂದ. ಅದು ಸುಸ್ತಲ್ಲ ಸ್ವಾಮಿ. ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಇಳಿದರೆ ತಲೆ ಸರಿಯಾಗಿ ಓಡುವುದಿಲ್ಲ. ಅದಕ್ಕೆ ಹಿಮವೇ ಬೀಳಬೇಕಾಗಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ಒದ್ದೆ ಜೀನ್ಸಿಗೆ ಆ ಗಾಳಿಯೂ ಬಡಿದರೆ?

ಅಷ್ಟರಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡ ಹಿರಿಯರೊಬ್ಬರು ದನ ಅಟ್ಟಿಕೊಂಡು ಬಂದರು. ಏನು ಎತ್ತ ಕೇಳಲಿಲ್ಲ. ಹುಡುಗನನ್ನು ಬಂಡೆಯ ಮರೆಗೆ ಎಳೆದು, ಒದ್ದೆ ಅಂಗಿ ಬಿಚ್ಚಿಸಿ, ಕಂಬಳಿ ಸುತ್ತಿದರು. ಮೊದಲು ಗಾಳಿಯಿಂದ ಮರೆ, ಉಳಿದದ್ದೆಲ್ಲ ಆಮೇಲೆ. ಉಣ್ಣೆ ನೆಂದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಹತ್ತಿ ಬಟ್ಟೆ ನೆಂದರೆ ಮೈಮೇಲೆ ಇಲ್ಲದಿದ್ದದ್ದಕ್ಕಿಂತ ಕಡೆ. ಅವನು ಸುಧಾರಿಸಿಕೊಂಡ ಮೇಲೆ ಕೆಳಗಿಳಿದೆವು. ತುದಿ ಹತ್ತಿರವೇ ಇತ್ತು, ಕೆಲವರಿಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ. ಇರಲಿ.

ಚೀಟಿ ಬಂತು, ಎರಡೇ ನಿಮಿಷ ಅಂತೆ. ಬೇಗ ಹೇಳಿಬಿಡ್ತೀನಿ. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಳ್ಳಿ. ಮಂಜು ಮುಚ್ಚಿದರೆ ಮುಂದಿನವರ ಬೆನ್ನು ಬಿಡಬೇಡಿ. ಎಷ್ಟು ಹೊತ್ತಿಗೆ ವಾಪಸ್ ಅನ್ನುವುದನ್ನು ಕೆಳಗೇ ತೀರ್ಮಾನ ಮಾಡಿ. ಮೇಲೆ ತಲೆ ತಣ್ಣಗಿರುತ್ತದೆ, ನಿಜವಾಗಿಯೂ ತಣ್ಣಗೆ, ಸರಿಯಾಗಿ ಓಡುವುದಿಲ್ಲ. ಕುಮಾರಪರ್ವತದಲ್ಲಿ ಮಳೆಗಾಲಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುತ್ತದೆ ಅಂತ ಗೊಣಗುವವರಿದ್ದಾರೆ, ನಿಲ್ಲಿಸುವುದಕ್ಕೆ ನನ್ನ ತಕರಾರಿಲ್ಲ. ಇಂಬಳಕ್ಕೆ, ಅದೇ ಜಿಗಣೆಗೆ, ಸುಣ್ಣ ಸಾಕು. ಕಚ್ಚಿದ ಮೇಲೆ ರಕ್ತ ಒಸರುತ್ತಲೇ ಇರುತ್ತದೆ, ಅದರ ಎಂಜಲು ಹೆಪ್ಪುಗಟ್ಟಲು ಬಿಡುವುದಿಲ್ಲ, ಗಾಬರಿ ಬೇಡ. ಸಿಡಿಲಿನ ವಿಷಯ ಉಳಿಯಿತು. ಟೀ ಕುಡಿಯುವಾಗ ಕೇಳಿ, ನಾನಿಲ್ಲೇ ಇರುತ್ತೇನೆ.