ತುಂಡರಿಸಿದ ಬಾಂಬರ್ ವಿಮಾನಗಳನ್ನು 90 ದಿನ ಬಯಲಿನಲ್ಲೇ ಬಿಟ್ಟದ್ದೇಕೆ? ಅಮೆರಿಕ ಮತ್ತು ರಷ್ಯಾ ಪರಸ್ಪರರ ಅಣ್ವಸ್ತ್ರಗಳನ್ನು ಎಣಿಸಿದ ಬಗೆ

ನಮಸ್ಕಾರ. ಅಣ್ವಸ್ತ್ರಗಳ ಬಗ್ಗೆ ಮಾತನಾಡಿದಾಗಲೆಲ್ಲ ವೀಕ್ಷಕರು ಕೇಳುವ ಒಂದು ಪ್ರಶ್ನೆಯನ್ನು ಇಂದು ಎತ್ತಿಕೊಳ್ಳುತ್ತಿದ್ದೇನೆ. ಅಮೆರಿಕ ಮತ್ತು ರಷ್ಯಾ ಒಂದನ್ನೊಂದು ಎಳ್ಳಷ್ಟೂ ನಂಬುವುದಿಲ್ಲ. ಹಾಗಿರುವಾಗ, ‘ನಮ್ಮಲ್ಲಿ ಇಷ್ಟೇ ಕ್ಷಿಪಣಿಗಳಿವೆ, ಉಳಿದವನ್ನು ನಾಶಮಾಡಿದ್ದೇವೆ’ ಎಂದು ಒಬ್ಬರು ಬರೆದುಕೊಟ್ಟರೆ, ಇನ್ನೊಬ್ಬರು ಅದನ್ನು ಯಾವ ಆಧಾರದ ಮೇಲೆ ಒಪ್ಪಿಕೊಳ್ಳುತ್ತಾರೆ?

ಬೇಹುಗಾರಿಕೆಯಿಂದ ಎಂಬುದು ಥಟ್ಟನೆ ಹೊಳೆಯುವ ಉತ್ತರ. ಅದು ಅರ್ಧ ಮಾತ್ರ ಸರಿ. ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ ಇನ್ನರ್ಧವೆಂದರೆ, ತಮ್ಮ ಮೇಲೆ ಕಣ್ಣಿಟ್ಟವರಿಗೆ ಕಾಣುವಂತೆಯೇ ಇರಲು ಎರಡೂ ದೇಶಗಳು ಒಪ್ಪಿಕೊಂಡದ್ದು.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1955ರ ಜುಲೈನಲ್ಲಿ ಜಿನೀವಾದಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್, ಎರಡೂ ದೇಶಗಳ ವಿಮಾನಗಳು ಪರಸ್ಪರರ ನೆಲದ ಮೇಲೆ ಮುಕ್ತವಾಗಿ ಹಾರಿ ಚಿತ್ರ ತೆಗೆಯಲಿ ಎಂದು ಪ್ರಸ್ತಾಪಿಸಿದರು. ಅದು ಬೇಹುಗಾರಿಕೆಯೆಂದು ಸೋವಿಯತ್ ನಾಯಕ ಕ್ರುಶ್ಚೇವ್ ತಳ್ಳಿಹಾಕಿದರು. ಮರುವರ್ಷವೇ ಅಮೆರಿಕದ ಯು-2 ವಿಮಾನಗಳು ಅನುಮತಿಯಿಲ್ಲದೆ ಸೋವಿಯತ್ ಆಕಾಶದಲ್ಲಿ ಹಾರಲಾರಂಭಿಸಿದವು. 1960ರ ಮೇ 1ರಂದು ಸ್ವೆರ್ಡ್‌ಲೋವ್‌ಸ್ಕ್ ಬಳಿ ಅಂಥ ಒಂದು ವಿಮಾನವನ್ನು ಹೊಡೆದುರುಳಿಸಿದರು, ಪೈಲಟ್ ಫ್ರಾನ್ಸಿಸ್ ಗ್ಯಾರಿ ಪವರ್ಸ್ ಸೆರೆಸಿಕ್ಕರು. ಅದೇ ಆಗಸ್ಟ್‌ನಲ್ಲಿ ಕೊರೋನಾ ಎಂಬ ಹೆಸರಿನ ಅಮೆರಿಕದ ಗುಪ್ತ ಉಪಗ್ರಹ ಯೋಜನೆ ಮೊದಲ ಬಾರಿಗೆ ಯಶಸ್ವಿಯಾಯಿತು. ಉಪಗ್ರಹವು ಕೆಳಕ್ಕೆ ಬಿಟ್ಟ ಫಿಲ್ಮ್ ಡಬ್ಬಿ ಪ್ಯಾರಾಶೂಟ್‌ನಲ್ಲಿ ತೇಲಿ ಬರುತ್ತಿದ್ದಾಗ ವಿಮಾನವೊಂದು ಪೆಸಿಫಿಕ್ ಸಾಗರದ ಮೇಲೆ ಅದನ್ನು ಗಾಳಿಯಲ್ಲೇ ಹಿಡಿಯಿತು. ಅಲ್ಲಿಯವರೆಗಿನ ಎಲ್ಲ ಯು-2 ಹಾರಾಟಗಳು ಸೇರಿ ತೋರಿಸಿದ್ದಕ್ಕಿಂತ ಹೆಚ್ಚು ಸೋವಿಯತ್ ಭೂಭಾಗ ಆ ಒಂದೇ ಡಬ್ಬಿಯಲ್ಲಿತ್ತು. ಸೋವಿಯತ್ ಒಕ್ಕೂಟ ಕ್ಷಿಪಣಿಗಳಲ್ಲಿ ಬಹಳ ಮುಂದಿದೆ ಎಂದು ಅಮೆರಿಕದ 1960ರ ಚುನಾವಣೆಯಲ್ಲಿ ಎದ್ದಿದ್ದ ಭೀತಿಗೆ ಆಧಾರವಿಲ್ಲವೆಂಬುದು ಮುಂದಿನ ವರ್ಷದೊಳಗೆ ಇಂಥ ಚಿತ್ರಗಳಿಂದಲೇ ಸ್ಪಷ್ಟವಾಯಿತು.

[ಪರದೆಯಲ್ಲಿ: 1972ರ ಮೇ 26, ಮಾಸ್ಕೋ. ನಿಕ್ಸನ್ ಮತ್ತು ಬ್ರೆಝ್ನೆವ್ ಸಹಿ ಹಾಕುತ್ತಿರುವ ಚಿತ್ರ]

ಇಲ್ಲಿಯವರೆಗೆ ನಡೆದದ್ದು ಕದ್ದು ನೋಡುವ ಕೆಲಸ. 1972ರಲ್ಲಿ ಅದರ ಸ್ವರೂಪವೇ ಬದಲಾಯಿತು. ಆ ವರ್ಷ ಸಹಿಯಾದ ಒಪ್ಪಂದಗಳಲ್ಲಿ ಕ್ಷಿಪಣಿಗಳ ಸಂಖ್ಯೆಗೆ ಮಿತಿ ಹಾಕಿದ್ದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆದರೆ ಅವುಗಳಲ್ಲಿ ಇನ್ನೂ ಎರಡು ವಾಗ್ದಾನಗಳಿದ್ದವು. ಎದುರಾಳಿಯ ಉಪಗ್ರಹಗಳೂ ಸೇರಿದಂತೆ ಪರಿಶೀಲನಾ ಸಾಧನಗಳಿಗೆ ಅಡ್ಡಿಪಡಿಸಬಾರದು ಎಂಬುದು ಮೊದಲನೆಯದು. ಆ ಸಾಧನಗಳ ಕಣ್ಣು ತಪ್ಪಿಸಲೆಂದು ಉದ್ದೇಶಪೂರ್ವಕವಾಗಿ ಏನನ್ನೂ ಮರೆಮಾಚಬಾರದು ಎಂಬುದು ಎರಡನೆಯದು. ಈ ಮಾತು ಕಾಗದದಲ್ಲೇ ಉಳಿಯಲಿಲ್ಲ. ಅಮೆರಿಕ ತನ್ನ ಮಿನಿಟ್‌ಮನ್ ಕ್ಷಿಪಣಿಗಳನ್ನು ನೆಲದೊಳಗೆ ಇರಿಸುವ ಸೈಲೋಗಳ ಕಾಮಗಾರಿಯ ವೇಳೆ ಅವುಗಳ ಮೇಲೆ ಹೊದಿಕೆ ಹಾಕಿದಾಗ ಸೋವಿಯತ್ ಪ್ರತಿನಿಧಿಗಳು ಆಕ್ಷೇಪಿಸಿದರು, ಆ ವಿಷಯ ಎರಡೂ ದೇಶಗಳ ಜಂಟಿ ಆಯೋಗದ ಮುಂದೆ ಚರ್ಚೆಗೆ ಬಂದಿತು.

ಈ ವಾಗ್ದಾನ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನ ನಮ್ಮ ದೇಶದಲ್ಲೇ ಇದೆ. 1995ರ ಕೊನೆಯಲ್ಲಿ ಪೋಖ್ರಾನ್‌ನಲ್ಲಿ ನಡೆದ ಸಿದ್ಧತೆಯನ್ನು ಅಮೆರಿಕದ ಉಪಗ್ರಹಗಳು ಪತ್ತೆಹಚ್ಚಿದವು, ಒತ್ತಡ ಬಂತು, ಪರೀಕ್ಷೆ ನಡೆಯಲಿಲ್ಲ. 1998ರಲ್ಲಿ ನಮ್ಮವರು ಹೆಚ್ಚಿನ ಕೆಲಸವನ್ನು ರಾತ್ರಿಯಲ್ಲಿ ಮಾಡಿ, ಬೆಳಗಾಗುವುದರೊಳಗೆ ಯಂತ್ರಗಳನ್ನು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸುತ್ತಿದ್ದರು. ಮೇ 11ರ ಸ್ಫೋಟದ ಮುನ್ಸೂಚನೆ ಅಮೆರಿಕಕ್ಕೆ ಸಿಗಲೇ ಇಲ್ಲ. ಮರೆಮಾಚುವುದಿಲ್ಲವೆಂದು ಭಾರತ ಯಾರಿಗೂ ಮಾತು ಕೊಟ್ಟಿರಲಿಲ್ಲ. ಜಗತ್ತಿನ ಅತ್ಯುತ್ತಮ ಕ್ಯಾಮೆರಾ ಕೂಡ, ಅಡಗಲು ನಿರ್ಧರಿಸಿದವರ ಮುಂದೆ ಸೋಲಬಹುದು.

[ಪರದೆಯಲ್ಲಿ: ಅರಿಝೋನಾದ ನಕ್ಷೆ, ಟ್ಯೂಸಾನ್ ನಗರದ ಮೇಲೆ ಗುರುತು]

ಈಗ ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಬೆರಗು ಹುಟ್ಟಿಸಿದ ಸಂಗತಿಗೆ ಬರುತ್ತೇನೆ, ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡುತ್ತೇನೆ. 1991ರ ಜುಲೈ 31ರಂದು ಮಾಸ್ಕೋದಲ್ಲಿ ಹಿರಿಯ ಬುಷ್ ಮತ್ತು ಗೊರ್ಬಚೇವ್ ‘ಸ್ಟಾರ್ಟ್’ ಒಪ್ಪಂದಕ್ಕೆ ಸಹಿ ಹಾಕಿದರು. ಅದರಂತೆ ಪ್ರತಿಯೊಂದು ದೇಶವೂ 1,600 ಕ್ಷಿಪಣಿ ಹಾಗೂ ಬಾಂಬರ್‌ಗಳನ್ನು, 6,000 ಸಿಡಿತಲೆಗಳನ್ನು ಮೀರುವಂತಿರಲಿಲ್ಲ. ಹಾಗಾಗಿ ಅಮೆರಿಕ ನೂರಾರು ಹಳೆಯ ಬಿ-52 ಬಾಂಬರ್‌ಗಳನ್ನು ಇಲ್ಲವಾಗಿಸಬೇಕಾಯಿತು. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 56 ಮೀಟರ್ ಅಗಲವಿರುವ ದೈತ್ಯ ವಿಮಾನ ಅದು. ಬರಿದೇ ಎಂಜಿನ್ ಬಿಚ್ಚಿಟ್ಟರೆ ಸಾಲದು, ಏಕೆಂದರೆ ಬಿಚ್ಚಿದ್ದನ್ನು ನಾಳೆ ಮತ್ತೆ ಜೋಡಿಸಬಹುದು. ಗುಜರಿಗೆ ಹಾಕಿದೆವೆಂದು ಪತ್ರ ಬರೆದರೂ ಸಾಲದು, ಏಕೆಂದರೆ ಆ ಪತ್ರವನ್ನು ಮಾಸ್ಕೋ ನಂಬುವುದಿಲ್ಲ.

ಆದ್ದರಿಂದ ವಿಮಾನವನ್ನು ಎಲ್ಲಿ ಕತ್ತರಿಸಬೇಕು ಎಂಬುದನ್ನೂ ಒಪ್ಪಂದದಲ್ಲೇ ಬರೆದರು. ಬಾಲದ ಭಾಗವನ್ನು ತುಂಡರಿಸಬೇಕು, ಎರಡೂ ರೆಕ್ಕೆಗಳನ್ನು ಬೇರ್ಪಡಿಸಬೇಕು, ಉಳಿದ ಒಡಲನ್ನು ರೆಕ್ಕೆಗಳು ಕೂಡುತ್ತಿದ್ದ ಜಾಗದಲ್ಲಿ, ಆಕಾಶದಿಂದ ನೋಡಿದವರಿಗೆ ಸಂಶಯಕ್ಕೆ ಎಡೆಯಿಲ್ಲದಂತೆ ಎರಡಾಗಿ ಸೀಳಬೇಕು. ಒಟ್ಟು ಐದು ತುಂಡುಗಳು. ಟ್ಯೂಸಾನ್ ಹೊರವಲಯದ ಡೇವಿಸ್-ಮಾಂಥನ್ ವಾಯುನೆಲೆಯಲ್ಲಿ ಆರು ಟನ್‌ಗಳಷ್ಟು ತೂಕದ ಉಕ್ಕಿನ ಅಲಗನ್ನು ಕ್ರೇನಿನಿಂದ ಮೇಲಕ್ಕೆತ್ತಿ ವಿಮಾನಗಳ ಮೇಲೆ ಬೀಳಿಸುತ್ತಿದ್ದರು. ತುಂಡುಗಳನ್ನು ಕೂಡಲೇ ಸಾಗಿಸುವಂತಿರಲಿಲ್ಲ. ರಷ್ಯಾದ ಉಪಗ್ರಹಗಳು ಮೇಲಿನಿಂದ ಹಾದುಹೋಗಿ, ಚಿತ್ರ ತೆಗೆದು, ಎಣಿಸಿ ಮುಗಿಸಲೆಂದು ಅವನ್ನು 90 ದಿನ ಹಾಗೆಯೇ ಬಯಲಿನಲ್ಲಿ ಬಿಡಬೇಕಿತ್ತು. ಆಮೇಲಷ್ಟೇ ಅವು ಗುಜರಿ ಅಲ್ಯೂಮಿನಿಯಂ.

ಯೋಚಿಸಿ ನೋಡಿ. ಸೋವಿಯತ್ ನಗರಗಳ ಮೇಲೆ ಅಣುಬಾಂಬ್ ಹಾಕಲೆಂದೇ ಕಟ್ಟಿದ ವಿಮಾನಗಳವು. ಅವುಗಳ ಅಂತ್ಯವನ್ನು ಮಾಸ್ಕೋದ ಕ್ಯಾಮೆರಾಗಳಿಗೆ ಅನುಕೂಲವಾಗುವಂತೆ ಏರ್ಪಡಿಸಲಾಯಿತು. ಮಾತುಕತೆಯೇ ನಿಂತುಹೋದ ದಾಯಾದಿಗಳು ಕೂಡ ಕಣದಲ್ಲಿ ರಾಶಿ ಅಳೆಯುವ ದಿನ ತಪ್ಪದೆ ಬಂದು ಎದುರುಬದುರು ನಿಲ್ಲುತ್ತಾರೆ. ಕೊಳಗ ತುಂಬುವುದನ್ನು ಇಬ್ಬರೂ ಕಣ್ಣಾರೆ ಕಂಡರೆ ಮುಂದಿನ ಜಗಳ ಒಂದಾದರೂ ತಪ್ಪುತ್ತದೆ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಅರಿಝೋನಾದ ಆ ಬಯಲಿನಲ್ಲಿ ನಡೆದದ್ದೂ ಅದೇ ಬಗೆಯ ವ್ಯವಹಾರ, ಅಲ್ಲಿ ಸ್ನೇಹದ ಅಗತ್ಯವೇ ಇರಲಿಲ್ಲ. ಈ ಪೈಪೋಟಿಯ ಕಥೆಯನ್ನು ನಾವು ಸಾಮಾನ್ಯವಾಗಿ ಬೆದರಿಕೆಗಳ ಕಥೆಯಾಗಿ ಮಾತ್ರ ಹೇಳುತ್ತೇವೆ. ಈ ತಾಳ್ಮೆಯ, ಸದ್ದಿಲ್ಲದ ಎಣಿಕೆಯೂ ಅದರ ಅಷ್ಟೇ ದೊಡ್ಡ ಭಾಗವೆಂದು ನಾನು ಭಾವಿಸುತ್ತೇನೆ.

[ಪರದೆಯಲ್ಲಿ: ವೊಟ್ಕಿನ್ಸ್ಕ್ ಮತ್ತು ಮ್ಯಾಗ್ನಾ, ಅಕ್ಕಪಕ್ಕದ ಎರಡು ನಕ್ಷೆಗಳು]

ಉಪಗ್ರಹಕ್ಕೆ ಚಾವಣಿಯೊಳಗಿನದು ಕಾಣುವುದಿಲ್ಲ. ಅದಕ್ಕೆ ಪರಿಹಾರವನ್ನು ಸ್ಟಾರ್ಟ್‌ಗಿಂತ ಮೊದಲೇ, 1987ರ ಡಿಸೆಂಬರ್ 8ರಂದು ರೇಗನ್ ಮತ್ತು ಗೊರ್ಬಚೇವ್ ವಾಷಿಂಗ್ಟನ್‌ನಲ್ಲಿ ಸಹಿ ಹಾಕಿದ ಐಎನ್‌ಎಫ್ ಒಪ್ಪಂದ ತೋರಿಸಿಕೊಟ್ಟಿತ್ತು. 500ರಿಂದ 5,500 ಕಿಲೋಮೀಟರ್ ವ್ಯಾಪ್ತಿಯ, ನೆಲದಿಂದ ಹಾರಿಸುವ ಕ್ಷಿಪಣಿಗಳನ್ನು ಪೂರ್ತಿಯಾಗಿ ನಿಷೇಧಿಸಿದ ಒಪ್ಪಂದವದು. 1991ರ ವೇಳೆಗೆ ಸೋವಿಯತ್ ಒಕ್ಕೂಟದ 1,846 ಮತ್ತು ಅಮೆರಿಕದ 846, ಒಟ್ಟು 2,692 ಕ್ಷಿಪಣಿಗಳು ನಾಶವಾದವು. ಸೋವಿಯತ್ ಒಕ್ಕೂಟದ ವೊಟ್ಕಿನ್ಸ್ಕ್ ಕ್ಷಿಪಣಿ ಕಾರ್ಖಾನೆಯ ಬಾಗಿಲಲ್ಲಿ ಅಮೆರಿಕದ ಪರಿವೀಕ್ಷಕರು, ಯೂಟಾದ ಮ್ಯಾಗ್ನಾದಲ್ಲಿ ಸೋವಿಯತ್ ಪರಿವೀಕ್ಷಕರು ಹಗಲಿರುಳು ಕಾವಲು ಕುಳಿತರು, 13 ವರ್ಷ. ಈ ನಡುವೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, ಕಾವಲು ನಿಲ್ಲಲಿಲ್ಲ. ರಷ್ಯಾ ಮತ್ತು ಉಕ್ರೇನ್‌ನಲ್ಲಿ ಬಾಂಬರ್ ಹಾಗೂ ಕ್ಷಿಪಣಿಗಳನ್ನು ನಾಶಮಾಡುವ ವೆಚ್ಚಕ್ಕೆ ನನ್-ಲೂಗರ್ ಕಾರ್ಯಕ್ರಮದಡಿ ಅಮೆರಿಕದ ಹಣವೂ ಹರಿಯಿತು.

ಸಮಯ ಕಡಿಮೆ ಇರುವುದರಿಂದ ಮುಂದಿನದನ್ನು ಒಟ್ಟಿಗೇ ಹೇಳುತ್ತೇನೆ. 2010ರ ಏಪ್ರಿಲ್ 8ರಂದು ಪ್ರಾಗ್‌ನಲ್ಲಿ ಒಬಾಮಾ ಮತ್ತು ಮೆಡ್ವೆಡೆವ್ ಸಹಿ ಹಾಕಿದ ನ್ಯೂ ಸ್ಟಾರ್ಟ್ ಒಪ್ಪಂದವು ನಿಯೋಜಿತ ಸಿಡಿತಲೆಗಳ ಮಿತಿಯನ್ನು 1,550ಕ್ಕೆ ಇಳಿಸಿತು. ವರ್ಷಕ್ಕೆ 18 ತಪಾಸಣೆಗಳವರೆಗೆ ಅವಕಾಶವಿತ್ತು. ಪರಿವೀಕ್ಷಕರು ತಾವು ಆರಿಸಿದ ಕ್ಷಿಪಣಿಯ ಮುಂಭಾಗವನ್ನು ತೆರೆಸಿ ನೋಡಬಹುದಿತ್ತು, ಆದರೆ ವಿನ್ಯಾಸದ ರಹಸ್ಯ ಉಳಿಯಲೆಂದು ಒಳಗಿನ ಸಿಡಿತಲೆಗಳಿಗೆ ಹೊದಿಕೆ ಹಾಕಿರುತ್ತಿತ್ತು. ಹೊದಿಕೆಯ ಕೆಳಗಿನ ಉಬ್ಬುಗಳನ್ನು ಎಣಿಸಿ ಲೆಕ್ಕ ತಾಳೆ ನೋಡುತ್ತಿದ್ದರು. 2023ರ ಫೆಬ್ರವರಿ ಹೊತ್ತಿಗೆ ಇಂಥ 328 ತಪಾಸಣೆಗಳು ನಡೆದಿದ್ದವು, 25,000ಕ್ಕೂ ಹೆಚ್ಚು ಸೂಚನಾ ಸಂದೇಶಗಳು ವಿನಿಮಯವಾಗಿದ್ದವು.

ಆದರೆ ಕಟ್ಟಿದ್ದು ಒಂದೊಂದಾಗಿ ಕಳಚಿಕೊಳ್ಳುತ್ತಲೂ ಇತ್ತು. 1972ರ ಕ್ಷಿಪಣಿ-ವಿರೋಧಿ ವ್ಯವಸ್ಥೆಯ ಒಪ್ಪಂದದಿಂದ ಅಮೆರಿಕ 2002ರಲ್ಲಿ ಹೊರಬಂದಿತು. ನಿಷೇಧಿತ ಕ್ಷಿಪಣಿಯನ್ನು ರಷ್ಯಾ ನಿಯೋಜಿಸಿದೆ ಎಂದು ಆರೋಪಿಸಿ 2019ರಲ್ಲಿ ಐಎನ್‌ಎಫ್ ಅನ್ನೂ ಬಿಟ್ಟಿತು. ಐಸೆನ್‌ಹೋವರ್ ಕನಸಿದಂತೆಯೇ ವಿಮಾನಗಳಿಗೆ ಆಕಾಶ ತೆರೆದಿದ್ದ ಓಪನ್ ಸ್ಕೈಸ್ ಒಪ್ಪಂದದಿಂದ 2020ರಲ್ಲಿ ಅಮೆರಿಕ, 2021ರಲ್ಲಿ ರಷ್ಯಾ ನಿರ್ಗಮಿಸಿದವು. ನ್ಯೂ ಸ್ಟಾರ್ಟ್ ತಪಾಸಣೆಗಳು 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ನಿಂತವು, ಮತ್ತೆ ಆರಂಭವಾಗಲಿಲ್ಲ. 2023ರ ಫೆಬ್ರವರಿ 21ರಂದು ಪುಟಿನ್, ರಷ್ಯಾ ಅದರಲ್ಲಿ ಪಾಲ್ಗೊಳ್ಳುವುದನ್ನೇ ಅಮಾನತುಗೊಳಿಸುವುದಾಗಿ ಘೋಷಿಸಿದರು. ಆ ಒಪ್ಪಂದವನ್ನು ಒಮ್ಮೆ ಮಾತ್ರ ವಿಸ್ತರಿಸಲು ಅವಕಾಶವಿತ್ತು. 2021ರಲ್ಲಿ ಬಳಸಿದ ಆ ಅವಕಾಶ ಅದನ್ನು 2026ರ ಫೆಬ್ರವರಿ 5ರವರೆಗೆ ಮಾತ್ರ ಕೊಂಡೊಯ್ಯುವಂಥದ್ದು.

ಇದರಲ್ಲಿ ಎರಡೂ ರಾಜಧಾನಿಗಳ ಹೊಣೆಯಿದೆ ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಉಪಗ್ರಹಗಳು ಈಗಲೂ ಮೇಲಿವೆ, ಹಿಂದಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ನೋಡಬಲ್ಲವು. ಆದರೆ ಹೊದಿಕೆಯ ಕೆಳಗಿನ ಉಬ್ಬುಗಳನ್ನು ಎಣಿಸಿದ ಅನುಭವವಿರುವ ಪರಿವೀಕ್ಷಕರು ನಿವೃತ್ತರಾದ ಹಾಗೆ, ಎದುರಾಳಿಯ ಬಳಿ ಎಷ್ಟಿದೆ ಎಂಬ ತಿಳಿವಳಿಕೆ ಅಂದಾಜಿಗೆ ಜಾರುತ್ತದೆ, ಅಂದಾಜು ಯಾವಾಗಲೂ ಅತಿಕೆಟ್ಟದ್ದನ್ನೇ ಊಹಿಸುತ್ತದೆ. 1960ರಲ್ಲಿ ಆದದ್ದು ಅದೇ.

ಕ್ಷಿಪಣಿ ಉಡಾವಣೆಗಳ ಬಗ್ಗೆ ಮುಂಚಿತವಾಗಿ ತಿಳಿಸುವ 1988ರ ಒಪ್ಪಂದವನ್ನು ಪಾಲಿಸುತ್ತಲೇ ಇರುವುದಾಗಿ ರಷ್ಯಾ 2023ರಲ್ಲಿ ಹೇಳಿತು. ಸೋವಿಯತ್ ಒಕ್ಕೂಟವು ಕ್ರಾಸ್ನೊಯಾರ್ಸ್ಕ್ ಬಳಿ ಕಟ್ಟಿದ, ಉಪಗ್ರಹಗಳ ಕಣ್ಣಿಗೆ ಬಿದ್ದ, ಕೊನೆಗೆ 1989ರಲ್ಲಿ ಸೋವಿಯತ್ ವಿದೇಶಾಂಗ ಸಚಿವ ಶೆವರ್ಡ್‌ನಾಡ್ಜೆ ಅವರೇ 1972ರ ಕ್ಷಿಪಣಿ-ವಿರೋಧಿ ವ್ಯವಸ್ಥೆಯ ಒಪ್ಪಂದದ ಉಲ್ಲಂಘನೆಯೆಂದು ಒಪ್ಪಿಕೊಂಡ ರೇಡಾರ್‌ನ ಪ್ರಕರಣಕ್ಕೆ ಇಂದು ಸಮಯ ಸಾಲಲಿಲ್ಲ. ಮುಂದಿನ ಸಂಚಿಕೆ ಅದರದ್ದೇ. ನಮಸ್ಕಾರ.